ಸೇವಾ ಕ್ಲಬ್ಬು ಮತ್ತು ಸಾರ್ವಜನಿಕ ನಿಸರ್ಗ ತಾಣ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮುಖ್ಯಾಂಶಗಳು

ಕೆಎಎಸ್, ಪಿಡಿಒ, ಗ್ರಾಮ ಆಡಳಿತ ಅಧಿಕಾರಿ, ಗಸ್ತು ಅರಣ್ಯ ಪಾಲಕ, ಯಾವ ಪರೀಕ್ಷೆಗೆ ಕೂತರೂ ಪರಿಸರ ವಿಭಾಗಕ್ಕೆ ನಮ್ಮ ಹುಡುಗರು ಬಂಡೀಪುರ, ರಂಗನತಿಟ್ಟು, ರಾಣೆಬೆನ್ನೂರು ಉರು ಹೊಡೆದುಕೊಂಡು ಹೋಗುತ್ತಾರೆ. ತಮ್ಮದೇ ತಾಲ್ಲೂಕಿನ ಮೈದನಹಳ್ಳಿ, ಕಗ್ಗಲಡು, ಬುಕ್ಕಾಪಟ್ಟಣಗಳ ಹೆಸರು ಟಿಪ್ಪಣಿ ಪುಸ್ತಕದಲ್ಲಿ ಇರುವುದೇ ಇಲ್ಲ. ಊರಿನ ಒಂದು ಕ್ಲಬ್ಬು ಸೇರಿಕೊಂಡು ಜನರಿಗಾಗಿ ನಿಸರ್ಗ ಉದ್ಯಾನ ಮಾಡುವುದು, ಇರುವ ನಿಸರ್ಗವನ್ನೇ ಜನರಿಗಾಗಿ ಉಳಿಸುವುದು ಎಂಬ ವಿಷಯ ಪ್ರಬಂಧಕ್ಕೂ ಬರುತ್ತದೆ, ಬಹು ಆಯ್ಕೆ ಪ್ರಶ್ನೆಗೂ ಬರುತ್ತದೆ. ಅದಕ್ಕೆ ಬೇಕಾದ ಸರಕು ಇಲ್ಲಿದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಬಯಲುಸೀಮೆಯಲ್ಲಿ ಸಸಿ ನೆಟ್ಟರಷ್ಟೇ ನಿಸರ್ಗ ಸೇವೆ ಆಗುವುದಿಲ್ಲ. ಹುಲ್ಲನ್ನು ಹುಲ್ಲಾಗಿಯೇ ಬಿಡುವುದೂ ಇಲ್ಲಿ ದೊಡ್ಡ ಸೇವೆ.

ನಾಲ್ಕು ತಾಲ್ಲೂಕು, ಒಂದು ಸೀಮೆ

• ತುಮಕೂರು ಜಿಲ್ಲೆಯಲ್ಲಿ 10 ತಾಲ್ಲೂಕುಗಳು. ಮಧುಗಿರಿ ಉಪವಿಭಾಗಕ್ಕೆ ಸೇರಿದವು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಇದೇ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ.

• ರಾಜ್ಯದ 10 ಕೃಷಿ ಹವಾಮಾನ ವಲಯಗಳ ಪೈಕಿ ಈ ನಾಲ್ಕೂ ಮಧ್ಯ ಒಣ ವಲಯದಲ್ಲಿವೆ. ಇಲ್ಲಿ ವರ್ಷದ ಮಳೆ ಸುಮಾರು 450ರಿಂದ 720 ಮಿಲಿಮೀಟರ್. ಅದೇ ಜಿಲ್ಲೆಯ ತುಮಕೂರು, ಗುಬ್ಬಿ ತಾಲ್ಲೂಕುಗಳು ಪೂರ್ವ ಒಣ ವಲಯಕ್ಕೆ ಹೋಗುತ್ತವೆ. ಇಲ್ಲಿ ಎಡವುವವರು ಬಹಳ ಮಂದಿ.

• ಜಯಮಂಗಲಿ ನದಿ ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಕಡೆ ಹರಿದು, ಆಂಧ್ರದ ಪರಿಗಿ ಬಳಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಕೊರಟಗೆರೆ ಪಟ್ಟಣ ಇರುವುದು ಸುವರ್ಣಮುಖಿ ದಡದಲ್ಲಿ. ಆ ಹೊಳೆ ಜಯಮಂಗಲಿಗೆ ಸೇರುತ್ತದೆ. ಗೊರವನಹಳ್ಳಿ ಬಳಿಯ ತೀತಾ ಜಲಾಶಯ ಜಯಮಂಗಲಿಯದು. ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಹರಿಯುವುದು ಉತ್ತರ ಪಿನಾಕಿನಿ.

• ಮಧುಗಿರಿ: ಏಕಶಿಲಾ ಬೆಟ್ಟ, ಕೋಟೆ. ಕೊರಟಗೆರೆ: ಮೂಲಿಕೆಗಳಿಗೆ ಹೆಸರಾದ ಸಿದ್ಧರಬೆಟ್ಟ, ಚನ್ನರಾಯನದುರ್ಗ. ಪಾವಗಡ: ನಿಡಗಲ್ಲು ದುರ್ಗ, ಆಂಧ್ರದ ನೆಲ ಮೂರು ಕಡೆಯಿಂದ ಸುತ್ತುವರಿದ ತಾಲ್ಲೂಕು.

ಶಿರಾದ ತೋಟ

ಉದ್ಯಾನದ ಇತಿಹಾಸ ಕೇಳಿದರೆ ಎಲ್ಲರೂ ಲಾಲ್‌ಬಾಗ್‌ನಿಂದ ಶುರು ಮಾಡುತ್ತಾರೆ. ಶಿರಾದವರು ಒಂದು ಹೆಜ್ಜೆ ಹಿಂದೆ ಹೋಗಬಹುದು. 1687ರಲ್ಲಿ ಮೊಘಲರು ಶಿರಾವನ್ನು ತಮ್ಮ ಸುಬಾದ ಕೇಂದ್ರ ಮಾಡಿಕೊಂಡರು. ಅಲ್ಲಿ ಆಳಿದ ದಿಲಾವರ್ ಖಾನನ ಕಾಲದ ಅರಮನೆ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತು ಎನ್ನುತ್ತಾರೆ. ಅಲ್ಲಿನ ಖಾನ್ ಬಾಗ್ ಎಂಬ ತೋಟವೇ ಹೈದರಾಲಿಗೆ ಲಾಲ್‌ಬಾಗ್‌ನ ಪ್ರೇರಣೆ ಎಂಬ ಮಾತು ಗೆಜೆಟಿಯರ್ ಕಾಲದಿಂದ ಬಂದಿದೆ. ಲಾಲ್‌ಬಾಗ್ ಆರಂಭ 1760. ಸರ್ಕಾರಿ ಸಸ್ಯೋದ್ಯಾನವಾದದ್ದು 1856. ಈಗಿನ ವಿಸ್ತೀರ್ಣ 240 ಎಕರೆ.

ಸೇವಾ ಕ್ಲಬ್ಬುಗಳು: ಇಸವಿ, ಊರು, ಸ್ಥಾಪಕರು

• ರೋಟರಿ: 1905ರ ಫೆಬ್ರುವರಿ 23, ಷಿಕಾಗೊ. ಸ್ಥಾಪಕ ಪಾಲ್ ಹ್ಯಾರಿಸ್, ವೃತ್ತಿಯಿಂದ ವಕೀಲ. ಕ್ಲಬ್ಬಿನ ಮೊದಲ ಸಾರ್ವಜನಿಕ ಕೆಲಸ ಷಿಕಾಗೊ ನಗರದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವುದಾಗಿತ್ತು. ಭಾರತದ ಮೊದಲ ರೋಟರಿ ಕ್ಲಬ್ ಕಲ್ಕತ್ತೆಯದು. ಮೊದಲ ಸಭೆ 1919ರಲ್ಲಿ. ರೋಟರಿಯ ಅಂತರರಾಷ್ಟ್ರೀಯ ಅಧ್ಯಕ್ಷರಾದ ಮೊದಲ ಭಾರತೀಯ ನಿತೀಶ್ ಚಂದ್ರ ಲಾಹರಿ, 1962–63.

• ರೋಟರಿಯ ಪೋಲಿಯೊ ಪ್ಲಸ್ ಆರಂಭ 1985. ಪರಿಸರವನ್ನು ತನ್ನ ಏಳನೆಯ ಆದ್ಯತಾ ಕ್ಷೇತ್ರವಾಗಿ ಸೇರಿಸಿಕೊಂಡದ್ದು ಇತ್ತೀಚೆಗೆ; ಜಾರಿಗೆ ಬಂದದ್ದು 2021ರ ಜುಲೈ 1.

• ಲಯನ್ಸ್: 1917, ಷಿಕಾಗೊ, ಮೆಲ್ವಿನ್ ಜೋನ್ಸ್. ಭಾರತಕ್ಕೆ ಬಂದದ್ದು 1956ರಲ್ಲಿ, ಮುಂಬಯಿಗೆ. ದೃಷ್ಟಿಹೀನರ ಸೇವೆಗೆ ಲಯನ್ಸ್ ಇಳಿದದ್ದು 1925ರಲ್ಲಿ ಹೆಲೆನ್ ಕೆಲ್ಲರ್ ಕರೆಯಿಂದ.

• ಜೇಸೀಸ್: 1915, ಅಮೆರಿಕದ ಸೇಂಟ್ ಲೂಯಿಸ್, ಹೆನ್ರಿ ಗೀಸೆನ್‌ಬಿಯರ್. 18ರಿಂದ 40 ವರ್ಷದವರ ಸಂಸ್ಥೆ. ಇನ್ನರ್ ವೀಲ್: 1924, ಮ್ಯಾಂಚೆಸ್ಟರ್.

• ವಿದ್ಯಾರ್ಥಿ, ಯುವಜನರ ಘಟಕಗಳು: ಲಿಯೊ 1957 (ಲಯನ್ಸ್‌ನದು), ಇಂಟರ್‍ಯಾಕ್ಟ್ 1962, ರೋಟರ್‍ಯಾಕ್ಟ್ 1968 (ಎರಡೂ ರೋಟರಿಯವು). ಸರ್ಕಾರದ ಕಡೆಯಿಂದ ಎನ್‌ಎಸ್‌ಎಸ್ 1969ರ ಸೆಪ್ಟೆಂಬರ್ 24. ಶಾಲೆಗಳ ಇಕೊ ಕ್ಲಬ್ಬುಗಳು ರಾಷ್ಟ್ರೀಯ ಹಸಿರು ಪಡೆಯಡಿ 2001–02ರಿಂದ.

ಕ್ಲಬ್ಬೇ ಮುಂದೆ ನಿಂತು ಉದ್ಯಾನ ಕಟ್ಟಿದ್ದಕ್ಕೆ ಜಗತ್ತಿನಿಂದ ಒಂದು ಒಳ್ಳೆಯ ಉದಾಹರಣೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜೇನ್ಸ್‌ವಿಲ್ ಪಟ್ಟಣದ್ದು. ಮರಳು, ಜಲ್ಲಿ ತೆಗೆದು ಕೈಬಿಟ್ಟಿದ್ದ ಗುಂಡಿಯ ಜಾಗವನ್ನು ಅಲ್ಲಿನ ರೋಟರಿ ಸದಸ್ಯರು 1988ರಿಂದ ಕೈಗೆತ್ತಿಕೊಂಡು 20 ಎಕರೆಯ ರೋಟರಿ ಸಸ್ಯೋದ್ಯಾನ ಮಾಡಿದರು. ನಮ್ಮ ತಾಲ್ಲೂಕುಗಳಲ್ಲಿ ಕೈಬಿಟ್ಟ ಕಲ್ಲು ಕ್ವಾರಿಗಳಿಗೇನೂ ಬರವಿಲ್ಲ. ಪ್ರಬಂಧದಲ್ಲಿ ಈ ಉದಾಹರಣೆ ಕೊಟ್ಟು, ಅದನ್ನು ನಿಮ್ಮೂರಿನ ಕ್ವಾರಿಗೆ ಹೊಂದಿಸಿ ಬರೆಯಿರಿ.

ಮೈದನಹಳ್ಳಿ: ಇಲ್ಲಿ ಹುಲ್ಲೇ ಕಾಡು

ಈ ಟಿಪ್ಪಣಿಯಲ್ಲಿ ಒಂದೇ ಒಂದು ಭಾಗ ಓದಲು ಸಮಯವಿದ್ದರೆ ಇದನ್ನು ಓದಿ.

ಮಧುಗಿರಿ ತಾಲ್ಲೂಕಿನ ಈಶಾನ್ಯ ಮೂಲೆಯಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡು, ಮೈದನಹಳ್ಳಿ ಹುಲ್ಲುಗಾವಲು ಇದೆ. ವಿಸ್ತೀರ್ಣ 798 ಎಕರೆ. ಸುತ್ತಲೂ ರೈತರ ಹೊಲ, ಒಳಗೆ ಹುಲ್ಲು, ಅಲ್ಲಲ್ಲಿ ನೀಲಗಿರಿ ಮರಗಳು. ರಾಣೆಬೆನ್ನೂರು ಬಿಟ್ಟರೆ ಕರ್ನಾಟಕದಲ್ಲಿ ಒಂದೇ ಕಡೆ ಇಷ್ಟು ಕೃಷ್ಣಮೃಗ ಕಾಣಸಿಗುವ ಜಾಗ ಇದು. 2007ರಲ್ಲಿ ರಾಜ್ಯ ಸರ್ಕಾರ ಇದನ್ನು ‘ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು’ ಎಂದು ಘೋಷಿಸಿತು. ಹೆಸರು ಬಂದದ್ದು ನದಿಯಿಂದ.

ಇದರ ಹಿಂದೆ ಒಂದು ಕ್ಲಬ್ಬಿನ ದುಡಿಮೆ ಇದೆ. ತುಮಕೂರಿನ ‘ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್’ ಎಂಬ ಹವ್ಯಾಸಿ ನಿಸರ್ಗಪ್ರಿಯರ ಸಂಸ್ಥೆ ಮೈದನಹಳ್ಳಿಯ ಜಿಂಕೆಗಳ ಬಗ್ಗೆ ಮಾಹಿತಿ ಕಲೆಹಾಕಿ, ಈ ಹುಲ್ಲುಗಾವಲಿಗೆ ರಕ್ಷಣೆ ಬೇಕೆಂದು ಸರ್ಕಾರದ ಮುಂದೆ ಬೇಡಿಕೆ ಇಟ್ಟಿತು. ಅವರು ಇಲ್ಲಿ ಕಮಾನು ಕಟ್ಟಲಿಲ್ಲ, ಕಾರಂಜಿ ಹಾಕಿಸಲಿಲ್ಲ. ಇದ್ದ ಜೀವಿಗಳನ್ನು ನೋಡಿ, ಎಣಿಸಿ, ಬರೆದಿಟ್ಟು, ಆ ಬರಹವನ್ನು ಅಧಿಕಾರಿಗಳ ಮೇಜಿನವರೆಗೆ ಒಯ್ದರು. ನಿಸರ್ಗ ಸೇವೆ ಎಂದರೇನು ಎಂಬ ಪ್ರಶ್ನೆಗೆ ನಮ್ಮ ಜಿಲ್ಲೆಯಿಂದ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಕಾಣುವುದಿಲ್ಲ.

ಕೃಷ್ಣಮೃಗದ ಬಗ್ಗೆ ಗೊತ್ತಿರಬೇಕಾದವು:

• ವೈಜ್ಞಾನಿಕ ಹೆಸರು ಆ್ಯಂಟಿಲೋಪ್ ಸರ್ವಿಕಾಪ್ರ. ವನ್ಯಜೀವಿ ಕಾಯ್ದೆಯ ಅನುಸೂಚಿ 1ರ ಪ್ರಾಣಿ. ಪಂಜಾಬ್, ಹರಿಯಾಣ, ಆಂಧ್ರಪ್ರದೇಶಗಳ ರಾಜ್ಯಪ್ರಾಣಿ. (ಕರ್ನಾಟಕದ್ದು ಆನೆ.)

• ಬಲಿತ ಗಂಡಿನ ಬೆನ್ನು ಕಪ್ಪು, ಹೊಟ್ಟೆ ಬಿಳಿ, ಕೊಂಬು ತಿರುಚು ತಿರುಚಾಗಿ ಮೇಲೇಳುತ್ತದೆ. ಹೆಣ್ಣು ಕಂದು, ಸಾಮಾನ್ಯವಾಗಿ ಕೊಂಬಿಲ್ಲ.

• ರಾಣೆಬೆನ್ನೂರು ಕೃಷ್ಣಮೃಗ ಧಾಮ: ಹಾವೇರಿ ಜಿಲ್ಲೆ, 1974, 119 ಚದರ ಕಿ.ಮೀ. ಗುಜರಾತಿನದು ವೇಳಾವದರ್.

ಈ ಪ್ರಾಣಿ ಬಯಲನ್ನೇ ನಂಬಿ ಬದುಕುವುದು ಯಾಕೆ ಎಂಬುದು ವಿವರಣಾತ್ಮಕ ಪ್ರಶ್ನೆಗೆ ಬೇಕಾಗುತ್ತದೆ. ಕೃಷ್ಣಮೃಗ ಅಪಾಯವನ್ನು ಮೊದಲು ಗುರುತಿಸುವುದು ಕಣ್ಣಿನಿಂದ. ಮಂದೆ ಮೇಯುವಾಗ ಗಮನಿಸಿ: ಒಂದಲ್ಲ ಒಂದು ತಲೆ ಹುಲ್ಲಿನ ಮೇಲೆ ಎದ್ದೇ ಇರುತ್ತದೆ, ಕಿವಿ ನಿಮಿರಿರುತ್ತದೆ. ದೂರದಲ್ಲಿ ಏನಾದರೂ ಕದಲಿದರೆ ಒಂದು ನೆಗೆಯುತ್ತದೆ, ಹಿಂದೆಯೇ ಇಡೀ ಮಂದೆ ನೆಗೆದು ಓಡುತ್ತದೆ. ಗಂಟೆಗೆ 80 ಕಿ.ಮೀ.ವರೆಗಿನ ಆ ಓಟಕ್ಕೆ ಅಡ್ಡಿಯಿಲ್ಲದ ನೆಲ ಬೇಕು. ಒತ್ತೊತ್ತಾಗಿ ಮರ ಬೆಳೆದರೆ ನೋಟಕ್ಕೂ ಅಡ್ಡ, ಓಟಕ್ಕೂ ಅಡ್ಡ. ಮೇಲಾಗಿ ನೆರಳಿನಡಿ ಹುಲ್ಲು ಸೊರಗುತ್ತದೆ. ಆದ್ದರಿಂದ ಹುಲ್ಲುಗಾವಲಿನಲ್ಲಿ ಒತ್ತಾಗಿ ಸಸಿ ನೆಡುವುದು ಕೃಷ್ಣಮೃಗದ ಮನೆ ಕೆಡವಿದಂತೆ. ಹುಲ್ಲುಗಾವಲನ್ನು ‘ಪಾಳು ಭೂಮಿ’ ಎಂದು ದಾಖಲೆಯಲ್ಲಿ ಬರೆಯುವ ರೂಢಿಯೇ ಈ ತಪ್ಪಿನ ಬೇರು. ಉತ್ತರ ಪತ್ರಿಕೆಯಲ್ಲಿ ಆ ಪದ ಬಳಸಬೇಡಿ.

ಜೊತೆಗೆ ನೆನಪಿಡಿ: ಕರ್ನಾಟಕದಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದಕ್ಕೆ ನಿಷೇಧ ಬಂದದ್ದು 2017ರಲ್ಲಿ.

36ಎ, 36ಬಿ, 36ಸಿ: ಕ್ಲಬ್ಬಿಗೆ ಕಾನೂನು ಕೊಟ್ಟ ಜಾಗ

ವನ್ಯಜೀವಿ (ಸಂರಕ್ಷಣಾ) ಕಾಯ್ದೆ 1972ಕ್ಕೆ 2002ರಲ್ಲಿ ತಿದ್ದುಪಡಿ ಆಗಿ ಎರಡು ಹೊಸ ಬಗೆಯ ರಕ್ಷಿತ ತಾಣಗಳು ಬಂದವು.

• ಸಂರಕ್ಷಣಾ ಮೀಸಲು, ಕಲಂ 36ಎ: ಸರ್ಕಾರಿ ಜಮೀನು. ಸ್ಥಳೀಯ ಸಮುದಾಯಗಳ ಜೊತೆ ಸಮಾಲೋಚಿಸಿ ರಾಜ್ಯ ಸರ್ಕಾರ ಘೋಷಿಸುತ್ತದೆ. ಉದಾಹರಣೆ: ಜಯಮಂಗಲಿ.

• ಸಮುದಾಯ ಮೀಸಲು, ಕಲಂ 36ಸಿ: ಖಾಸಗಿ ಅಥವಾ ಸಮುದಾಯದ ಜಮೀನು. ಜನರೇ ಸ್ವಯಂಪ್ರೇರಿತರಾಗಿ ಮುಂದೆ ಬರಬೇಕು. ಉದಾಹರಣೆ: ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು.

ಪರೀಕ್ಷೆಯಲ್ಲಿ ಅದಲು ಬದಲು ಮಾಡಿ ಕೇಳುವುದು ಇವೆರಡನ್ನೇ.

ಇನ್ನು ಕಲಂ 36ಬಿ. ಸಂರಕ್ಷಣಾ ಮೀಸಲಿಗೆ ಒಂದು ನಿರ್ವಹಣಾ ಸಮಿತಿ ಇರಬೇಕು. ಅದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಸಲಹೆ ಕೊಡುತ್ತದೆ. ಸಮಿತಿಯಲ್ಲಿ ಯಾರಿರುತ್ತಾರೆ? ಅರಣ್ಯ ಇಲಾಖೆಯವರು ಸದಸ್ಯ ಕಾರ್ಯದರ್ಶಿ. ಮೀಸಲು ಯಾವ ಯಾವ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿದೆಯೋ ಆ ಪ್ರತಿಯೊಂದರಿಂದ ಒಬ್ಬರು. ಕೃಷಿ, ಪಶುಸಂಗೋಪನೆ ಇಲಾಖೆಗಳಿಂದ ಒಬ್ಬೊಬ್ಬರು. ವನ್ಯಜೀವಿ ಕ್ಷೇತ್ರದಲ್ಲಿ ಕೆಲಸ ಮಾಡುವ ಸ್ವಯಂಸೇವಾ ಸಂಸ್ಥೆಗಳಿಂದ ಮೂವರು. ಅಂದರೆ ಊರಿನ ನಿಸರ್ಗ ಕ್ಲಬ್ಬಿಗೆ ಕಾಯ್ದೆಯೇ ಕುರ್ಚಿ ಹಾಕಿಕೊಟ್ಟಿದೆ. ಈ ಕಲಮನ್ನು ಎಷ್ಟೋ ಮಾರ್ಗದರ್ಶಿ ಪುಸ್ತಕಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ನನಗೆ ಇಡೀ ಅಧ್ಯಾಯದಲ್ಲಿ ಮುಖ್ಯವಾಗಿ ಕಾಣುವುದು ಇದೇ.

• 2022ರ ತಿದ್ದುಪಡಿ: ಅನುಸೂಚಿಗಳು 6ರಿಂದ 4ಕ್ಕೆ ಇಳಿದವು. ಜಾರಿ 2023ರ ಏಪ್ರಿಲ್ 1.

• 2007 ಎಂಬ ಇಸವಿಗೆ ಮೂರು ಉತ್ತರಗಳಿವೆ: ಜಯಮಂಗಲಿ ಸಂರಕ್ಷಣಾ ಮೀಸಲು, ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು, ದೇವನಹಳ್ಳಿ ಬಳಿಯ ನಲ್ಲೂರು ಹುಣಸೆ ತೋಪು. ನಲ್ಲೂರಿನದು ಜೀವವೈವಿಧ್ಯ ಕಾಯ್ದೆ 2002ರ ಅಡಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ.

ಕಗ್ಗಲಡು: ಹುಣಸೆ ಮರ ಬಿಟ್ಟುಕೊಟ್ಟ ಊರು

ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಬೂದು ಬಕಗಳೂ ಬರುತ್ತವೆ. 1990ರ ದಶಕದಲ್ಲಿ ಹಕ್ಕಿಗಳು ಇಲ್ಲಿ ನೆಲೆ ಹೂಡಿದವು. 1999ರಲ್ಲಿ ಅದೇ ತುಮಕೂರಿನ ನೇಚರ್ ಕ್ಲಬ್ ಮೂಲಕ ಹೊರಜಗತ್ತಿಗೆ ಗೊತ್ತಾಯಿತು. ಬಣ್ಣದ ಕೊಕ್ಕರೆಯ ವೈಜ್ಞಾನಿಕ ಹೆಸರು ಮಿಕ್ಟೀರಿಯ ಲ್ಯೂಕೊಸೆಫಾಲ.

ಮನೆ ಮುಂದಿನ ಮರದಲ್ಲಿ ಇಂಥ ಹಕ್ಕಿಗಳ ಸಂಸಾರ ಇದ್ದರೆ ಹೇಗಿರುತ್ತದೆ ಎಂದು ಯೋಚಿಸಿ. ಮರಿಗಳಿಗೆ ತಂದ ಮೀನು ಕೆಳಗೆ ಬೀಳುತ್ತದೆ, ಹಿಕ್ಕೆ ಸುರಿದು ಎಲೆಗಳೆಲ್ಲ ಸುಣ್ಣ ಬಳಿದಷ್ಟು ಬೆಳ್ಳಗಾಗುತ್ತವೆ, ನಾಲ್ಕು ದಿನ ಬಿಸಿಲಾದರೆ ವಾಸನೆ ಏಳುತ್ತದೆ. ಹಕ್ಕಿ ಕೂತ ಮರದಲ್ಲಿ ಹುಣಸೆ ಫಸಲು ಕೈಗೆ ಬರುವುದು ಕಷ್ಟ. ಹುಣಸೆ ಈ ಸೀಮೆಯಲ್ಲಿ ಕಾಸು ತರುವ ಬೆಳೆ. ಅಷ್ಟಿದ್ದೂ ಊರಿನವರು ಕಲ್ಲು ಬೀರಿ ಓಡಿಸಲಿಲ್ಲ. ಯಾವ ಕ್ಲಬ್ಬೂ ಗೇಟು ಹಾಕದ, ಟಿಕೆಟ್ ಇಲ್ಲದ ನಿಸರ್ಗ ಉದ್ಯಾನ ಇದು, ಕಟ್ಟಿದವರು ಹಳ್ಳಿಯವರು. ಕೊಕ್ಕರೆ ಬೆಳ್ಳೂರಿನಲ್ಲಿ ಬಣ್ಣದ ಕೊಕ್ಕರೆಯ ಜೊತೆ ಹೆಜ್ಜಾರ್ಲೆಯೂ ಗೂಡು ಕಟ್ಟುತ್ತದೆ ಎಂಬುದು ಎರಡೂ ಊರುಗಳನ್ನು ಹೋಲಿಸಿ ಕೇಳುವ ಪ್ರಶ್ನೆಗೆ ಉತ್ತರ.

ಬುಕ್ಕಾಪಟ್ಟಣ

• ಬುಕ್ಕಾಪಟ್ಟಣ ಚಿಂಕಾರ ವನ್ಯಜೀವಿ ಧಾಮ: ಶಿರಾ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಒಣ ಕಾಡು. ಘೋಷಣೆ 2019, ವಿಸ್ತೀರ್ಣ 136.11 ಚದರ ಕಿ.ಮೀ.

• ಚಿಂಕಾರ ಎಂಬ ಹುಲ್ಲೆ ಜಾತಿಯ ದಕ್ಷಿಣದ ಕೊನೆಯ ನೆಲೆಗಳಲ್ಲಿ ಇದೂ ಒಂದು. ರಾಜ್ಯದ ಇನ್ನೊಂದು ಚಿಂಕಾರ ಧಾಮ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿ.

ಪಾವಗಡ: ಬಯಲಿನ ಇನ್ನೊಂದು ಬಳಕೆ

• ‘ಶಕ್ತಿಸ್ಥಳ’ ಸೌರ ಪಾರ್ಕ್: 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಹಳ್ಳಿಗಳ ಜಮೀನು. ಉದ್ಘಾಟನೆ 2018ರ ಮಾರ್ಚ್ 1.

• ಜಮೀನನ್ನು ಕೊಂಡುಕೊಳ್ಳಲಿಲ್ಲ, ರೈತರಿಂದ ಗುತ್ತಿಗೆಗೆ ಪಡೆದರು. ಆರಂಭದ ದರ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಕ್ಕೊಮ್ಮೆ ಶೇ 5 ಏರಿಕೆ.

ಬರದ ತಾಲ್ಲೂಕಿಗೆ ಸ್ಥಿರ ವರಮಾನ ಬಂದದ್ದು ಒಳ್ಳೆಯದೇ. ಆದರೆ ಕುರಿ, ದನ ಮೇಯುತ್ತಿದ್ದ ಬಯಲಿಗೂ ಬೇಲಿ ಬಿತ್ತು. ಜಮೀನಿದ್ದವರಿಗೆ ಗುತ್ತಿಗೆ ಹಣ ಸಿಕ್ಕಿತು, ಜಮೀನಿಲ್ಲದ ಕುರಿಗಾಹಿಗೆ ಸಿಗಲಿಲ್ಲ. ಪಾವಗಡದಲ್ಲಿ ಯಾರೇ ನಿಸರ್ಗ ಉದ್ಯಾನದ ಮಾತೆತ್ತಲಿ, ಮೊದಲು ಕೇಳಿಕೊಳ್ಳಬೇಕಾದದ್ದು ಇದು: ಈ ಜಾಗದಲ್ಲಿ ಇಷ್ಟು ದಿನ ಯಾರ ಕುರಿ ಮೇಯುತ್ತಿತ್ತು?

ಕ್ಲಬ್ಬೊಂದು ಉದ್ಯಾನ ಮಾಡಹೊರಟರೆ

ಜಾಗ. ಗೋಮಾಳದ ಮೇಲೆ ಎಲ್ಲರ ಕಣ್ಣು. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಕಲಂ 71ರಡಿ ಮೇವಿಗೆ ಜಮೀನು ಕಾದಿರಿಸುತ್ತಾರೆ. 1966ರ ನಿಯಮಗಳ 97ನೇ ನಿಯಮದಂತೆ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ. ಊರಿನ ಸಾಮೂಹಿಕ ಜಮೀನುಗಳ ಒತ್ತುವರಿ ತೆರವು ಮಾಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಜಗಪಾಲ್ ಸಿಂಗ್ ಪ್ರಕರಣದಲ್ಲಿ, 2011ರ ಜನವರಿ 28. ಪಟ್ಟಣದ ಒಳಗಾದರೆ ನೋಡಬೇಕಾದದ್ದು ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಕಾಯ್ದೆ 1985. ಮರ ಕಡಿಯುವ ಪ್ರಶ್ನೆ ಬಂದರೆ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976.

ಸಂಸ್ಥೆ. ಸಂಘಗಳ ನೋಂದಣಿ ಕಾಯ್ದೆ 1960ರಡಿ ನೋಂದಣಿ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ (ಜೀವವೈವಿಧ್ಯ ಕಾಯ್ದೆ, ಕಲಂ 41) ಜೊತೆಗಿರಲಿ. ಜನತಾ ಜೀವವೈವಿಧ್ಯ ದಾಖಲಾತಿ ಬರೆಯುವುದು ಆ ಸಮಿತಿಯ ಕೆಲಸ, ಕ್ಲಬ್ಬಿನ ಹಕ್ಕಿ ನೋಡುವವರು ಅಲ್ಲಿ ಬಹಳ ನೆರವಾಗಬಲ್ಲರು.

ಹಣ. ಕಂಪನಿಗಳ ಕಾಯ್ದೆ 2013, ಕಲಂ 135: ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2 ಸಾಮಾಜಿಕ ಹೊಣೆಗಾರಿಕೆಗೆ. ಪರಿಸರ ಇದರ 7ನೇ ಅನುಸೂಚಿಯಲ್ಲಿದೆ.

ಸಂವಿಧಾನ. 48ಎ (ರಾಜ್ಯದ ಹೊಣೆ), 51ಎ(ಜಿ) (ನಾಗರಿಕರ ಕರ್ತವ್ಯ). ಎರಡೂ 42ನೇ ತಿದ್ದುಪಡಿ, 1976.

ಸರ್ಕಾರದ ಮಾದರಿ. ಅರಣ್ಯ ಇಲಾಖೆಯ ಸಾಲುಮರದ ತಿಮ್ಮಕ್ಕ ವೃಕ್ಷೋದ್ಯಾನಗಳು. ತಿಮ್ಮಕ್ಕ ಹುಟ್ಟಿದ್ದು ನಮ್ಮದೇ ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ, ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯ ಬದಿ 385 ಆಲದ ಮರ ಬೆಳೆಸಿದರು, ಪದ್ಮಶ್ರೀ 2019. ಅವರು ಸಸಿಗಳಿಗೆ ಕೊಡದಲ್ಲಿ ನೀರು ಹೊತ್ತು ಹಾಕಿದರು ಎಂಬುದನ್ನು ಅಂಕಿಯ ಜೊತೆ ಸೇರಿಸಿ ಬರೆಯಿರಿ.

ಯಾವ ಗಿಡ, ಯಾವ ಮಳೆ

ಕ್ಲಬ್ಬುಗಳು ಸಸಿ ನೆಡುವುದು ಹೆಚ್ಚಾಗಿ ಜೂನ್ 5ಕ್ಕೆ. ವಿಶ್ವ ಪರಿಸರ ದಿನದ ಫೋಟೊ ಚೆನ್ನಾಗಿ ಬರುತ್ತದೆ. ಆದರೆ ಈ ನಾಲ್ಕು ತಾಲ್ಲೂಕುಗಳ ದೊಡ್ಡ ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್‌ನಲ್ಲಿ ಇಟ್ಟ ಎಳೆ ಸಸಿ ಜುಲೈ ತಿಂಗಳ ಒಣ ಗಾಳಿಗೆ ಸಿಕ್ಕಿ ಬಾಡುತ್ತದೆ. ಬೇಸಿಗೆಯಲ್ಲೇ ಎರಡಡಿ ಗುಂಡಿ ತೆಗೆದು ಬಿಸಿಲು ಕಾಣಿಸಿ, ಆಗಸ್ಟ್ ಕೊನೆಗೆ ಹುಬ್ಬೆ ಮಳೆ ಹೊತ್ತಿಗೆ ಸಸಿ ಇಟ್ಟರೆ ಉತ್ತರೆ, ಹಸ್ತ, ಚಿತ್ತೆ ಮೂರೂ ಮಳೆ ಬೇರಿಗೆ ಸಿಗುತ್ತವೆ. ಆಮೇಲೆ ಬೇಕಾದದ್ದು ಮೇಕೆ ಬಾಯಿ ಹಾಕದಂತೆ ಮುಳ್ಳಿನ ಬೇಲಿ, ಮೊದಲ ಎರಡು ಮೂರು ಬೇಸಿಗೆ ನೀರು. ಉದ್ಘಾಟನೆಯ ದಿನ ಬಂದವರೆಷ್ಟು ಎಂಬುದಕ್ಕಿಂತ ಮೂರನೇ ಬೇಸಿಗೆಯಲ್ಲಿ ನೀರು ಹಾಕಿದವರೆಷ್ಟು ಎಂಬುದರ ಮೇಲೆ ಉದ್ಯಾನ ನಿಂತಿರುತ್ತದೆ.

• ಈ ನೆಲಕ್ಕೆ ಒಗ್ಗಿದವು: ಹೊಂಗೆ, ಬೇವು, ಹುಣಸೆ, ಆಲ, ಅತ್ತಿ, ನೇರಳೆ, ಮುತ್ತುಗ, ಕಗ್ಗಲಿ, ಕಮರ. ಪೊದೆಗಳಲ್ಲಿ ತಂಗಡಿ, ಕಾರೆ, ಬಂದ್ರೆ.

• ಹೊರಗಿನಿಂದ ಬಂದು ಹಬ್ಬಿದವು: ಬಳ್ಳಾರಿ ಜಾಲಿ, ಲಂಟಾನ, ಪಾರ್ಥೇನಿಯಂ (ಕಾಂಗ್ರೆಸ್ ಗಿಡ). ಮೂರೂ ಅಮೆರಿಕ ಖಂಡಗಳ ಮೂಲದವು.

• ಒತ್ತೊತ್ತಾಗಿ ನೆಡುವ ಮಿಯಾವಾಕಿ ವಿಧಾನ: ಜಪಾನಿನ ಅಕಿರ ಮಿಯಾವಾಕಿ. ಪಟ್ಟಣದ ಸಣ್ಣ ನಿವೇಶನಕ್ಕೆ ಸರಿ. ಹುಲ್ಲುಗಾವಲಿಗೆ ಬೇಡವೇ ಬೇಡ.

• ದಿನಾಂಕಗಳು: ವಿಶ್ವ ಪರಿಸರ ದಿನ ಜೂನ್ 5 (1972ರ ಸ್ಟಾಕ್‌ಹೋಮ್ ಸಮ್ಮೇಳನದ ಫಲ, ಆಚರಣೆ 1973ರಿಂದ). ವನಮಹೋತ್ಸವ ಜುಲೈ ಮೊದಲ ವಾರ, 1950ರಲ್ಲಿ ಕೆ.ಎಂ. ಮುನ್ಷಿ ಆರಂಭಿಸಿದ್ದು. ವನ್ಯಜೀವಿ ಸಪ್ತಾಹ ಅಕ್ಟೋಬರ್ 2ರಿಂದ 8. ಆಗ ಹಸ್ತ ಮಳೆಯ ಕಾಲ, ಮೈದನಹಳ್ಳಿಯ ಹುಲ್ಲು ಹಸಿರಾಗಿರುತ್ತದೆ. ಕ್ಲಬ್ಬಿನವರು ಶಾಲೆ ಮಕ್ಕಳನ್ನು ಬಸ್ಸಿನಲ್ಲಿ ಕರೆದೊಯ್ಯುವುದಿದ್ದರೆ ಆ ವಾರವೇ ಒಳ್ಳೆಯದು.